‘ಗಣಿತಸಾರಸಂಗ್ರಹ’ದಲ್ಲಿ ದುಂಡು ಪಾತ್ರೆಯ ಅಳತೆ

ಬಚ್ಚಲುಮನೆಯ ಹಂಡೆಯಾಗಲಿ, ಚೆನ್ನೈನ ಪೋರೂರಿನ ಮಾಳಿಗೆಗಳ ಮೇಲೆ ಕಾಣುವ ನೀರಿನ ತೊಟ್ಟಿಯಾಗಲಿ, ದುಂಡು ಪಾತ್ರೆಯೊಂದು ಎಷ್ಟು ನೀರು ಹಿಡಿಯುತ್ತದೆಂಬುದನ್ನು ಅದರ ಒಳಗಿನ ಟೊಳ್ಳು ನಿರ್ಣಯಿಸುತ್ತದೆ. ಆದುದರಿಂದ ಗೋಡೆಯ ದಪ್ಪವನ್ನು ಬಿಟ್ಟು ಒಳವ್ಯಾಸವನ್ನೂ ಒಳ ಆಳವನ್ನೂ ಅಳೆಯಬೇಕು. ನೆಲದಲ್ಲಿ ತೋಡಿದ ಗುಂಡಿಗೂ ಪಾತ್ರೆಯ ಟೊಳ್ಳಿಗೂ ಲೆಕ್ಕದ ದೃಷ್ಟಿಯಿಂದ ಭೇದವಿಲ್ಲ. ಪ್ರಾಚೀನರು ಈ ಲೆಕ್ಕವನ್ನು ‘ಖಾತ’, ಎಂದರೆ ತೋಡಿದ ಗುಂಡಿಯ ಪ್ರಕರಣದಲ್ಲಿ ವಿವೇಚಿಸಿರುವುದು ಈ ಕಾರಣದಿಂದಲೇ.

9ನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’. ಅದರಲ್ಲಿ ವೃತ್ತದ ಪರಿಧಿಗೆ ಎರಡು ಕ್ರಮಗಳಿವೆ: ವ್ಯಾಸದ 3 ಪಟ್ಟು ಸ್ಥೂಲ, 10ರ ವರ್ಗಮೂಲದಷ್ಟು ಪಟ್ಟು ಸೂಕ್ಷ್ಮ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ. ಅದನ್ನು ಆಳದಿಂದ ಗುಣಿಸಿದರೆ ನೇರ ಗೋಡೆಯ ಪಾತ್ರೆಯ ಗಾತ್ರ.

ಬಾಯಿ ಅಗಲವಾಗಿ ತಳ ಕಿರಿದಾದ ಪಾತ್ರೆಗೆ ಇಷ್ಟು ಸಾಲದು. ಬಾಯಿ ಮತ್ತು ತಳಗಳ ಅಳತೆಯ ಸರಾಸರಿಯಿಂದ ಬಂದ ಫಲ ‘ಕರ್ಮಾಂತಿಕ’. ಅವುಗಳ ಕ್ಷೇತ್ರಫಲಗಳ ಸರಾಸರಿಯಿಂದ ಬಂದುದು ‘ಔಂಡ್ರ’. ಇವೆರಡರ ಅಂತರದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಬಾಯಿ 60, ತಳ 40, ಆಳ 30 ಸೆಂಟಿಮೀಟರಿನ ಪಾತ್ರೆಯನ್ನು ಪರಿಶೀಲಿಸಬಹುದು. ಪರಿಧಿ-ವ್ಯಾಸಗಳ ಅನುಪಾತದಿಂದ ಗುಣಿಸುವ ಮೊದಲು ಕರ್ಮಾಂತಿಕ 18,750, ಔಂಡ್ರ 19,500, ಸೂಕ್ಷ್ಮ 19,000. ಇಂದಿನ ಸೂತ್ರವೂ ಇದೇ 19,000ವನ್ನು ಕೊಡುತ್ತದೆ. 10ರ ವರ್ಗಮೂಲದಿಂದ ಗುಣಿಸಿದರೆ ಸುಮಾರು 60.1 ಲೀಟರ್, ಇಂದಿನ ಅನುಪಾತದಿಂದ 59.7 ಲೀಟರ್.

ಗೋಳದ ವಿಷಯ ಹೀಗಲ್ಲ. ವ್ಯಾಸಾರ್ಧದ ಘನದ ನಾಲ್ಕೂವರೆ ಪಟ್ಟು ಸ್ಥೂಲ, ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮ ಎಂದು ಆಚಾರ್ಯನ ಮತ. ಈ 4.05 ಪಟ್ಟು ನಿಜವಾದ 4.19ಕ್ಕಿಂತ ನೂರಕ್ಕೆ ಸುಮಾರು ಮೂರರಷ್ಟು ಕಡಿಮೆ. ಒಂದೆಡೆ ನಿರ್ದುಷ್ಟ, ಇನ್ನೊಂದೆಡೆ ಅಂದಾಜು. ಎರಡನ್ನೂ ಇದ್ದಂತೆಯೇ ಕಾಣುವುದು ಪರಂಪರೆಗೆ ಸಲ್ಲಿಸುವ ನ್ಯಾಯ.

ಈ ಗ್ರಂಥವನ್ನು ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ಒಂದು ವಲ್ಲಭನೆಂಬವನ ಕನ್ನಡ ಟೀಕೆಯನ್ನು ಒಳಗೊಂಡಿತ್ತು. 12ನೆಯ ಶತಮಾನದ ರಾಜಾದಿತ್ಯನಾದರೋ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದೆಂಬ ಮಾತಿಗೆ ಇಂತಹ ಕೃತಿಗಳೇ ಉತ್ತರ. ಕಾವ್ಯವಲ್ಲವೆಂಬ ಕಾರಣಕ್ಕೆ ಕನ್ನಡ ವಿದ್ಯಾರ್ಥಿಗಳು ಇವನ್ನು ಬದಿಗಿಟ್ಟರೆ, ಆ ಉತ್ತರವನ್ನು ಓದಿ ಹೇಳುವವರೇ ಇಲ್ಲವಾದಾರು.