ಒಂದೇ ಪದ ನಿರ್ಧರಿಸಿದ ಟೆಟ್ರಿಸ್ ವ್ಯಾಜ್ಯ

ಮೇಲಿನಿಂದ ಒಂದೊಂದಾಗಿ ಇಳಿಯುವ ತುಂಡುಗಳನ್ನು ತಿರುಗಿಸಿ, ಸಂದು ಬಿಡದಂತೆ ಜೋಡಿಸಬೇಕು. ಒಂದು ಸಾಲು ಭರ್ತಿಯಾದರೆ ಅದು ಮಾಯ! ತೊಂಬತ್ತರ ದಶಕದಲ್ಲಿ ನಮ್ಮ ಆಟಿಕೆ ಅಂಗಡಿಗಳಿಗೂ ‘ಬ್ರಿಕ್ ಗೇಮ್’ ಎಂಬ ಹೆಸರಿನಲ್ಲಿ ಬಂದ ಈ ಆಟದ ಮೂಲ ಟೆಟ್ರಿಸ್. ಅದನ್ನು ಮಾರುವ ಹಕ್ಕು ಯಾರದು ಎಂಬ ಜಗಳ ಮಾಸ್ಕೋದಲ್ಲಿ ಹುಟ್ಟಿ ಅಮೆರಿಕದ ನ್ಯಾಯಾಲಯದವರೆಗೂ ಹೋಯಿತು. ಅದರ ಇತ್ಯರ್ಥ ನಿಂತದ್ದು ‘ಕಂಪ್ಯೂಟರ್’ ಎಂಬ ಒಂದೇ ಪದದ ಅರ್ಥದ ಮೇಲೆ.

1984ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಮಾಸ್ಕೋ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿಟ್ನೋವ್ ಎಂಬ ತಂತ್ರಜ್ಞ ಈ ಆಟ ರೂಪಿಸಿದರು. ಅವರ ‘ಎಲೆಕ್ಟ್ರೋನಿಕಾ 60’ ಯಂತ್ರಕ್ಕೆ ಚಿತ್ರ ಮೂಡಿಸಲು ಬರುತ್ತಿರಲಿಲ್ಲ. ಹಾಗಾಗಿ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದರು. ಪ್ರತಿ ತುಂಡಿನಲ್ಲೂ ನಾಲ್ಕು ಚೌಕ. ಗ್ರೀಕ್ ಭಾಷೆಯಲ್ಲಿ ನಾಲ್ಕಕ್ಕೆ ‘ಟೆಟ್ರಾ’. ಅದಕ್ಕೆ ಅವರ ಮೆಚ್ಚಿನ ಟೆನಿಸ್ ಸೇರಿ ಹೆಸರು ಹುಟ್ಟಿತು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಆಟ ಹಂಗೇರಿ ಮುಟ್ಟಿತು. ಆದರೆ ಸೋವಿಯತ್ ವ್ಯವಸ್ಥೆಯಲ್ಲಿ ಅದನ್ನು ಪಜಿಟ್ನೋವ್ ಸ್ವಂತಕ್ಕೆ ಮಾರುವಂತಿರಲಿಲ್ಲ.

1986ರಲ್ಲಿ ಬುಡಾಪೆಸ್ಟ್‌ನಲ್ಲಿ ಆಟ ಕಂಡವರು ಲಂಡನ್ನಿನ ವ್ಯಾಪಾರಿ ರಾಬರ್ಟ್ ಸ್ಟೈನ್. ಮಾಸ್ಕೋಗೆ ಟೆಲೆಕ್ಸ್ ಕಳಿಸಿದರು. ಆಸಕ್ತಿಯಿದೆ ಎಂಬರ್ಥದ ಉತ್ತರ ಬಂತು. ಅದನ್ನೇ ಒಪ್ಪಿಗೆಯೆಂದು ತಿಳಿದ ಸ್ಟೈನ್, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಬ್ರಿಟನ್ನಿನ ಮಿರರ್‌ಸಾಫ್ಟ್ ಮತ್ತು ಅಮೆರಿಕದ ಸ್ಪೆಕ್ಟ್ರಮ್ ಹೋಲೋಬೈಟ್ ಕಂಪೆನಿಗಳಿಗೆ ಹಕ್ಕು ಮಾರಿಬಿಟ್ಟರು. 1988ರ ಆರಂಭದಲ್ಲಿ ಆಟ ಅಂಗಡಿಗೆ ಬಂತು. ಸಾಫ್ಟ್‌ವೇರ್ ರಫ್ತು ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ‘ಎಲೋರ್ಗ್’ ಜತೆ ಸ್ಟೈನ್ ಒಪ್ಪಂದಕ್ಕೆ ಸಹಿಯಾದದ್ದು ಅದಾದ ಮೇಲೆ. ಅದೂ ಕಂಪ್ಯೂಟರ್‌ಗಳಿಗೆ ಮಾತ್ರ.

ಇಲ್ಲೇ ತೊಡಕು. ಒಂದು ಗೇಮ್‌ನ ವಿತರಣಾ ಹಕ್ಕು ಒಂದೇ ಇಡುಗಂಟಲ್ಲ. ದೇಶಕ್ಕೊಂದು, ಯಂತ್ರಕ್ಕೊಂದರಂತೆ ಅದನ್ನು ಸೀಳಬಹುದು. ಮನೆಯ ಕಂಪ್ಯೂಟರ್‌ಗೆ ಒಂದು, ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್‌ಗೆ ಇನ್ನೊಂದು, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಮತ್ತೊಂದು. ಮಿರರ್‌ಸಾಫ್ಟ್‌ನಿಂದ ಅಟಾರಿ ಗೇಮ್ಸ್, ಅಲ್ಲಿಂದ ಜಪಾನಿನ ಕಂಪೆನಿಗಳು ಎಂದು ಹಕ್ಕು ಒಳಗೇಣಿಯಂತೆ ಕೈಬದಲಾಯಿಸಿತು. ಆದರೆ ಮೊದಲ ಗೇಣಿದಾರನಿಗೇ ಇಲ್ಲದ ಹೊಲ ಒಳಗೇಣಿದಾರನಿಗೆ ದಕ್ಕುವುದಾದರೂ ಹೇಗೆ?

1989ರ ಫೆಬ್ರುವರಿಯಲ್ಲಿ ಜಪಾನ್‌ನಲ್ಲಿ ನೆಲೆಸಿದ್ದ ಗೇಮ್ ಉದ್ಯಮಿ ಹೆಂಕ್ ರೋಜರ್ಸ್ ಮಾಸ್ಕೋಗೆ ಬಂದರು. ನಿಂಟೆಂಡೋದ ಹೊಸ ಕೈಯಂತ್ರ ‘ಗೇಮ್ ಬಾಯ್’ಗಾಗಿ ಅವರಿಗೆ ಟೆಟ್ರಿಸ್ ಬೇಕಿತ್ತು. ಜಪಾನ್‌ನಲ್ಲಿ ತಾವು ಮಾರುತ್ತಿದ್ದ ಟೆಟ್ರಿಸ್ ಕಾರ್ಟ್ರಿಜ್ ತೋರಿಸಿದಾಗ ಎಲೋರ್ಗ್‌ನ ನಿಕೊಲಾಯ್ ಬೆಲಿಕೋವ್ ಅವಾಕ್ಕಾದರು. ಕನ್ಸೋಲ್ ಹಕ್ಕನ್ನು ಎಲೋರ್ಗ್ ಯಾರಿಗೂ ಕೊಟ್ಟೇ ಇರಲಿಲ್ಲ!

ಅದೇ ದಿನಗಳಲ್ಲಿ ಸ್ಟೈನ್ ಕೂಡ ಮಾಸ್ಕೋದಲ್ಲಿದ್ದರು. ಅವರ ಮುಂದೆ ಬೆಲಿಕೋವ್ ಒಂದು ತಿದ್ದುಪಡಿ ಇಟ್ಟರು. ಹಣ ತಡವಾದರೆ ಭಾರಿ ದಂಡ ಎಂಬ ಷರತ್ತು ಸ್ಟೈನ್ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿದ್ದ ಸಣ್ಣ ವ್ಯಾಖ್ಯೆ ಬೀಳಲಿಲ್ಲ. ಕಂಪ್ಯೂಟರ್ ಎಂದರೆ ಪ್ರೊಸೆಸರ್, ಮಾನಿಟರ್, ಡಿಸ್ಕ್ ಡ್ರೈವ್, ಕೀಬೋರ್ಡ್ ಮತ್ತು ಆಪರೇಟಿಂಗ್ ಸಿಸ್ಟಮ್ ಇರುವ ಯಂತ್ರ ಎಂದಿತ್ತು ಅದು. ಸಹಿ ಬಿತ್ತು, ಕನ್ಸೋಲ್ ಹೊರಗುಳಿಯಿತು. ಕೈಯಂತ್ರದ ಹಕ್ಕು ರೋಜರ್ಸ್‌ಗೆ, ಮಾರ್ಚ್‌ನಲ್ಲಿ ಕನ್ಸೋಲ್ ಹಕ್ಕು ನಿಂಟೆಂಡೋಗೆ ಹೋಯಿತು.

ಅಟಾರಿ ಗೇಮ್ಸ್‌ನ ಅಂಗಸಂಸ್ಥೆ ಟೆಂಗೆನ್ ಮಾತ್ರ ಮೇ ತಿಂಗಳಲ್ಲಿ ತನ್ನದೇ ಕಾರ್ಟ್ರಿಜ್ ಬಿಡುಗಡೆ ಮಾಡಿತು. ಜಪಾನ್‌ನಲ್ಲಿ ನಿಂಟೆಂಡೋ ಕನ್ಸೋಲ್‌ನ ಹೆಸರೇ ‘ಫ್ಯಾಮಿಲಿ ಕಂಪ್ಯೂಟರ್’, ಆದ್ದರಿಂದ ಅದೂ ಕಂಪ್ಯೂಟರೇ ಎಂಬುದು ಅದರ ವಾದ. ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶೆ ಫರ್ನ್ ಸ್ಮಿತ್ ಇದನ್ನು ಒಪ್ಪಲಿಲ್ಲ. ಜೂನ್‌ನಲ್ಲಿ ಮಾರಾಟಕ್ಕೆ ತಡೆ ಬಿತ್ತು. ಟೆಂಗೆನ್ ಕಾರ್ಟ್ರಿಜ್‌ಗಳು ಗೋದಾಮಿನಲ್ಲೇ ಉಳಿದವು. ನವೆಂಬರ್‌ನಲ್ಲಿ ತೀರ್ಪೂ ನಿಂಟೆಂಡೋ ಪರವಾಯಿತು.

ಗೇಮ್ ಬಾಯ್ ಟೆಟ್ರಿಸ್‌ನ 3.5 ಕೋಟಿ ಪ್ರತಿಗಳು ಖರ್ಚಾದವು. ಆಟ ಹುಟ್ಟಿಸಿದ ಪಜಿಟ್ನೋವ್‌ಗೆ ಮಾತ್ರ ಆ ವರ್ಷಗಳಲ್ಲಿ ಗೌರವಧನದ ಪಾಲು ಬರಲಿಲ್ಲ. ತಮ್ಮ ಹಕ್ಕನ್ನು ಹತ್ತು ವರ್ಷಗಳ ಮಟ್ಟಿಗೆ ಅವರು ಅಕಾಡೆಮಿಗೆ ಬಿಟ್ಟುಕೊಟ್ಟಿದ್ದರು. 1991ರಲ್ಲಿ ಅಮೆರಿಕಕ್ಕೆ ಹೋದ ಅವರು, 1996ರಲ್ಲಿ ರೋಜರ್ಸ್ ಜತೆಗೂಡಿ ಟೆಟ್ರಿಸ್ ಕಂಪೆನಿ ಕಟ್ಟಿದರು. ಆಟ ಬರೆದ ಕೈಗೆ ಅದರ ಗಳಿಕೆ ಸೇರತೊಡಗಿದ್ದು ಆಗ, ಹನ್ನೆರಡು ವರ್ಷಗಳ ನಂತರ.