ಸಭೆಗೆ ಹೊರಟ ಪುಟ್ಟ ರೈಲು

ಗಾಯಕನು ಮನೆಯಲ್ಲಿ ತಂಬೂರಿಯನ್ನು ಮೀಟಿಕೊಂಡು ಹಾಡುವುದು ಬೇರೆ. ತುಂಬಿದ ಸಭೆಯಲ್ಲಿ ಕಚೇರಿ ನಡೆಸುವುದು ಬೇರೆ. ಈ ಭೇದವನ್ನು ಬಲ್ಲವರಿಗೆ ನಾವು ಈಗ ಹೇಳಲಿರುವ ವಿಷಯವು ಸುಲಭವಾಗಿ ಮನದಟ್ಟಾಗುವುದು. ಇಂಗ್ಲೆಂಡಿನಲ್ಲಿ ಮಾದರಿ ರೈಲುಮಾರ್ಗಗಳನ್ನು ಕಟ್ಟುವುದು ದೊಡ್ಡವರ ಹವ್ಯಾಸ. ಲಂಡನ್ನಿನ ಮಾದರಿ ರೈಲ್ವೆ ಸಂಘವು 1910ರಲ್ಲಿಯೇ ಸ್ಥಾಪಿತವಾಯಿತು. ಆ ದೇಶದ ಅನೇಕ ಊರುಗಳಲ್ಲಿ, ಶಾಲೆಗಳ ಹಜಾರಗಳಲ್ಲಿಯೂ ಪುರಭವನಗಳಲ್ಲಿಯೂ, ಇಂತಹ ಮಾರ್ಗಗಳ ಪ್ರದರ್ಶನಗಳು ನಡೆಯುತ್ತವೆ. ಮನೆಯ ಕೋಣೆಯಲ್ಲಿ ವರ್ಷಗಟ್ಟಲೆ ಕುಳಿತು ಕಟ್ಟಿದ ಮಾರ್ಗವನ್ನು ಮೊತ್ತಮೊದಲು ಹತ್ತು ಜನರ ಮುಂದಿಡಬೇಕಾದರೆ ಯಾವ ಸಿದ್ಧತೆ ಬೇಕು ಎಂಬುದನ್ನು ನೋಡೋಣ.

ಮೊದಲು ಅಳತೆಯ ವಿಚಾರ. ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಡಬಲ್ ಓ’ ಎಂಬ ಪ್ರಮಾಣ. ಇದರಲ್ಲಿ ನಿಜವಾದ ಒಂದು ಅಡಿಗೆ 4 ಮಿಲಿಮೀಟರು. ಎಂದರೆ ಸುಮಾರು 76ರಲ್ಲಿ ಒಂದು ಪಾಲು. 60 ಅಡಿಯ ಗಾಡಿಯು 24 ಸೆಂಟಿಮೀಟರಿಗೂ, ಒಂದು ಮೈಲಿಯ ದಾರಿಯು 21 ಮೀಟರಿಗೂ ಇಳಿಯುತ್ತವೆ. ಆದರೆ ಗಾತ್ರವು ಕಿರಿದಾದಷ್ಟೂ ತಪ್ಪು ಹಿರಿದಾಗುವುದು. ಎರಡು ಹಳಿಗಳು ಕೂಡುವಲ್ಲಿ ಅರ್ಧ ಮಿಲಿಮೀಟರಿನ ಏರುಪೇರು ನಮ್ಮ ಕಣ್ಣಿಗೆ ಅಷ್ಟಾಗಿ ಬೀಳದು. ಪುಟ್ಟ ಎಂಜಿನ್ನಿನ ಪಾಲಿಗಾದರೋ ಅದು ಒಂದೂವರೆ ಅಂಗುಲದ ಮೆಟ್ಟಿಲು.

ಮನೆಯಲ್ಲಿರುವ ಮಾರ್ಗವು ಕದಲುವುದಿಲ್ಲ. ಪ್ರದರ್ಶನಕ್ಕೆ ಹೋಗುವುದನ್ನು ಹೊರಲು ಅನುಕೂಲವಾಗುವಂತೆ ಹಲವು ಹಲಗೆಗಳಾಗಿ ಬಿಡಿಸಿ, ವಾಹನದಲ್ಲಿ ಸಾಗಿಸಿ, ಪುನಃ ಜೋಡಿಸಬೇಕು. ಅಪಾಯವೆಲ್ಲ ಈ ಜೋಡಣೆಯಲ್ಲಿಯೇ ಇದೆ. ಆದುದರಿಂದ ಒಂದು ಹಲಗೆಯ ಅಂಚಿಗೆ ಲೋಹದ ಗೂಟವನ್ನೂ, ಮತ್ತೊಂದಕ್ಕೆ ಅದು ಬಿಗಿಯಾಗಿ ಕೂರುವ ಕುಳಿಯನ್ನೂ ಕೂರಿಸುತ್ತಾರೆ. ಬೋಲ್ಟು ಹಲಗೆಗಳನ್ನು ಬಿಗಿಯುವುದಷ್ಟೆ. ಹಳಿಯ ನೇರವನ್ನು ಕಾಯುವುದು ಗೂಟ. ಅಂಚಿನಲ್ಲಿ ಹಳಿಯ ತುದಿಯು ಅಲುಗದಂತೆ ಅದನ್ನು ಕೆಳಗಿನ ಹಿತ್ತಾಳೆಯ ತಿರುಪಿಗೆ ಬೆಸೆಯುವರು. ಹಜಾರದ ನೆಲವು ಸಮವಾಗಿರುವುದೆಂಬ ನಂಬಿಕೆ ಬೇಡ. ಕಾಲುಗಳಿಗೆ ಏರಿಸಿ ಇಳಿಸುವ ತಿರುಪುಗಳಿರಬೇಕು.

ಎರಡನೆಯ ಅಪಾಯ ಧೂಳು. ಸಾಮಾನ್ಯವಾಗಿ 12 ವೋಲ್ಟಿನ ವಿದ್ಯುತ್ತು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಹರಿಯುತ್ತದೆ. ಹಳಿಯ ನೆತ್ತಿಯ ಮೇಲೆ ತೆಳ್ಳನೆಯ ಕೊಳೆಯಿದ್ದರೂ ಸಾಕು, ರೈಲು ನಿಂತುಬಿಡುವುದು. ಹಳಿಯನ್ನು ಮಾತ್ರ ಒರಸಿ ಚಕ್ರವನ್ನು ಮರೆತವನ ಶ್ರಮವು ನಿಷ್ಫಲ. ಕೊಳಕು ಚಕ್ರವು ಒಂದೇ ಸುತ್ತಿನಲ್ಲಿ ಹಳಿಗೆ ಮತ್ತೆ ಕೊಳೆಯನ್ನು ಬಳಿಯುವುದು.

ಇನ್ನು ಕೊನೆಯ ತಿಂಗಳು. ಆಗ ಮನಸ್ಸು ಮರಗಿಡಗಳ ಕಡೆಗೆ ಎಳೆಯುತ್ತದೆ. ಇನ್ನೊಂದು ಮನೆ, ಇನ್ನೊಂದು ಕೈಮರ, ಬಾವಿಯ ಬಳಿ ಇನ್ನೊಬ್ಬಳು ಹೆಂಗಸು. ಈ ಆಸೆಯನ್ನು ಬಿಗಿಹಿಡಿದು, ಆ ಕಾಲವನ್ನು ತಾಲೀಮಿಗೆ ಕೊಡುವುದೇ ವಿವೇಕ. ಮಾರ್ಗವನ್ನು ಪೂರ್ತಿಯಾಗಿ ಬಿಚ್ಚಿ, ಬೇರೊಂದು ಸ್ಥಳಕ್ಕೆ ಒಯ್ದು, ಜೋಡಿಸಿ, ಗಡಿಯಾರ ನೋಡಿಕೊಳ್ಳಬೇಕು. ಪ್ರತಿಯೊಂದು ಗಾಡಿಯನ್ನೂ ಪ್ರತಿಯೊಂದು ಪಾಯಿಂಟಿನ ಮೇಲೆ ಎಳೆದು ನೋಡಿದರೆ ಸಾಲದು. ಹಿಂದಕ್ಕೆ ತಳ್ಳಿಯೂ ನೋಡಬೇಕು. ಹಳಿಯ ದೋಷವನ್ನು ತಿದ್ದಿದ ಮೇಲೂ ಅದೇ ಗಾಡಿಯು ತಪ್ಪಿ ಬಿದ್ದರೆ, ಚಕ್ರಗಳ ನಡುವಣ ಅಂತರವನ್ನು ಅಳೆದು ಸರಿಪಡಿಸಬೇಕು. ಸರಿಯಾಗದಿದ್ದರೆ ಅದು ಮನೆಯಲ್ಲಿಯೇ ಉಳಿಯಬೇಕು. ತಾನೇ ಬೆಸೆದು, ಬಣ್ಣ ಹಚ್ಚಿ, ಹೆಸರಿಟ್ಟ ಎಂಜಿನ್ನನ್ನು ಹೀಗೆ ಬಿಟ್ಟು ಹೊರಡುವುದು ಸುಲಭವಲ್ಲ. ಮೊದಲ ಪ್ರದರ್ಶನದ ನಿಜವಾದ ಪರೀಕ್ಷೆಯು ಇದೇ ಎಂದು ನಮಗೆ ತೋರುತ್ತದೆ.

ಸಭೆಯ ದಿನ ಒಬ್ಬನೇ ಎಲ್ಲವನ್ನೂ ನಡೆಸಲಾರನು. ಗಂಟೆಗಟ್ಟಲೆ ನಿಲ್ಲುವ ಕೆಲಸವಾದುದರಿಂದ ಸರದಿಗೆ ಜೊತೆಗಾರರು ಬೇಕು. ಯಾವ ರೈಲಿನ ಹಿಂದೆ ಯಾವುದು ಬರಬೇಕೆಂಬುದನ್ನು ಚೀಟಿಗಳಲ್ಲಿ ಬರೆದಿಟ್ಟುಕೊಂಡರೆ ಗೊಂದಲವಿರದು. ಮುಂದಿನ ರೈಲು ದೃಶ್ಯದ ಮರೆಯಲ್ಲಿರುವ ಗುಪ್ತಹಳಿಗಳ ಮೇಲೆ, ನೇಪಥ್ಯದಲ್ಲಿ ನಿಂತ ನಟನಂತೆ, ಸಿದ್ಧವಾಗಿರಬೇಕು. ಬೆಸುಗೆಯ ಕಬ್ಬಿಣ, ತಂತಿ, ಫ್ಯೂಜು, ಬಿಡಿ ಕೊಂಡಿಗಳು, ಒಂದು ಹೆಚ್ಚಿನ ಎಂಜಿನ್ನು ಕೈಗೆ ಸಿಕ್ಕುವಲ್ಲಿರಬೇಕು.

ಕಟಕಟೆಯ ಆಚೆ ಗಲ್ಲವನ್ನೂರಿ ನಿಂತ ಬಾಲಕನು ಗುಡ್ಡಕ್ಕೆ ಹಸಿರು ಸಾಲದೆಂದು ದೂರುವುದಿಲ್ಲ. ಅವನು ಸುರಂಗದ ಬಾಯನ್ನೇ ನೋಡುತ್ತಿರುತ್ತಾನೆ. ಅಲ್ಲಿಂದ ರೈಲು ಹೊರಬರಬೇಕು. ಬಂದುದು ನಿಲ್ದಾಣವನ್ನು ಮುಟ್ಟಬೇಕು. ತಿಂಗಳುಗಳ ಸಿದ್ಧತೆಯೆಲ್ಲವೂ ಅವನ ಆ ಅರ್ಧ ನಿಮಿಷಕ್ಕಾಗಿ.