ಒಂದೇ ಲ್ಯಾಪ್‌ಟಾಪು, ಎರಡು ಸಂಸಾರ!

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಸುಲ್ತಾನ್ ಬತ್ತೇರಿ ಕಡೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿಗಿದೆ. ರಾತ್ರಿ 9ಕ್ಕೆ ಗೇಟು ಬಿತ್ತೆಂದರೆ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. ಹಗಲು ಲಾರಿಗಳದ್ದು, ರಾತ್ರಿ ಆನೆಗಳದ್ದು. ರಸ್ತೆ ಮಾತ್ರ ಒಂದೇ. ನಮ್ಮ ಮನೆಯ ಲ್ಯಾಪ್‌ಟಾಪಿನ ಕಥೆಯೂ ಹೀಗೇ.

ಹಗಲು ಅದು ಅಣ್ಣನ ಸ್ವತ್ತು. ಗುಂಡ್ಲುಪೇಟೆಯಲ್ಲಿ ಅವನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಎಲ್ಲವನ್ನೂ ವಿಂಡೋಸ್‌ನಲ್ಲಿ, ‘ನುಡಿ’ ತಂತ್ರಾಂಶ ಬಳಸಿ ಟೈಪ್ ಮಾಡುತ್ತಾನೆ. ಸಂಜೆ ಮೇಲೆ ನನ್ನ ಪಾಳಿ. ಬಿಸಿಎ ಓದುವ ನನಗೆ ಲ್ಯಾಬ್ ಅಭ್ಯಾಸಕ್ಕೆ ಲಿನಕ್ಸ್ ಬೇಕು. ವಿಂಡೋಸ್ ಒಳಗೇ ವರ್ಚುವಲ್ ಮಷೀನ್ ಹಾಕಿ ನೋಡಿದೆ. 4 ಜಿಬಿ ರ‍್ಯಾಮಿನ ಬಡಪಾಯಿ ಎತ್ತಿನಗಾಡಿಯಂತೆ ತೆವಳಿತು. ‘ವಿಂಡೋಸ್ ಕಿತ್ತುಹಾಕು’ ಎಂದ ಗೆಳೆಯ. ಅಣ್ಣನ ಅನ್ನಕ್ಕೇ ಕಲ್ಲು ಹಾಕಲಾದೀತೇ? ಉಳಿದದ್ದು ಡ್ಯುಯಲ್ ಬೂಟ್. ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ, ಆನ್ ಮಾಡಿದಾಗ ಬೇಕಾದ್ದನ್ನು ಆರಿಸಿಕೊಳ್ಳುವುದು.

ಒಂದು ಭಾನುವಾರ ಕೂತೆ. ಮೊದಲು ಅಣ್ಣನ ಫೈಲುಗಳನ್ನೆಲ್ಲ ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ಕುಗ್ಗಿಸಿ 60 ಜಿಬಿ ಜಾಗ ಬಿಡಿಸಿದೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆಗಣ್ಣು ಬಿಟ್ಟುಕೊಂಡೇ ಇರುತ್ತದೆ. ಆಗ ಲಿನಕ್ಸ್ ಆ ಡ್ರೈವನ್ನು ಮುಟ್ಟುವುದು ಅಪಾಯ. ‘ರೂಫಸ್’ ಬಳಸಿ ಉಬುಂಟುವನ್ನು ಪೆನ್‌ಡ್ರೈವಿಗೆ ಇಳಿಸಿ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದೆ.

ನಡುವೆ ಎದೆ ಢವಗುಟ್ಟಿದ ಪರದೆಯೊಂದು ಬಂತು. ಉಬುಂಟುವನ್ನು ವಿಂಡೋಸ್ ಪಕ್ಕದಲ್ಲಿ ಕೂರಿಸಲೋ, ಡಿಸ್ಕ್ ಪೂರ್ತಿ ಅಳಿಸಲೋ ಎಂಬ ಪ್ರಶ್ನೆ. ಎರಡೂ ಆಯ್ಕೆ ಒಂದರ ಕೆಳಗೊಂದು. ಬೆರಳು ಜಾರಿದರೆ ಅಣ್ಣನ ವರ್ಷಗಳ ದುಡಿಮೆ ಮಾಯ! ಮೂರು ಸಲ ಓದಿ ‘ಪಕ್ಕದಲ್ಲಿ’ ಎಂಬುದನ್ನೇ ಒತ್ತಿದೆ. ಅರ್ಧ ಗಂಟೆಯಲ್ಲಿ ಉಬುಂಟು ಬಂತು. ಗೆದ್ದೆ ಎಂದು ಮಲಗಿದೆ.

ಮರುದಿನ ಕಾಲೇಜಿನಲ್ಲಿದ್ದಾಗ ಅಣ್ಣನ ಫೋನು. ‘ಲೋ, ಏನ್ಲಾ ಮಾಡ್‌ಬುಟ್ಟೆ? ಲಗ್ನಪತ್ರಿಕೆ ತುಂಬ ಹುಳ ಹರ್ದಂಗದಲ್ಲ!’ ಎದುರಿಗೆ ಹೆಣ್ಣಿನ ಅಪ್ಪ ಕೂತಿದ್ದಾರಂತೆ. ನನಗೆ ಜಂಘಾಬಲವೇ ಉಡುಗಿತು.

ಆಮೇಲೆ ಹೊಳೆಯಿತು. ಯಂತ್ರ ಆನ್ ಆದಾಗ ಗ್ರಬ್ ಎಂಬ ಕಪ್ಪು ಪಟ್ಟಿ ಹತ್ತು ಸೆಕೆಂಡ್ ಕಾಯುತ್ತದೆ. ಯಾರೂ ಏನೂ ಒತ್ತದಿದ್ದರೆ ಮೊದಲ ಸಾಲಿನ ಉಬುಂಟುವಿಗೇ ಹೋಗುತ್ತದೆ. ಅಣ್ಣ ಚಹಾ ತರಲು ಎದ್ದಿದ್ದ. ಪಾಸ್‌ವರ್ಡ್ ಕೇಳದಂತೆ ಬೇರೆ ಇಟ್ಟಿದ್ದೆನಲ್ಲ! ಇನ್ನು ಆ ಹುಳಗಳು: ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಕಾಣುವುದು ಕಲಸುಮೇಲೋಗರವೇ. ಯೂನಿಕೋಡ್‌ನಲ್ಲಿ ಟೈಪಿಸಿದ್ದರೆ ಈ ಫಜೀತಿಯಿಲ್ಲ.

‘ಅಣ್ಣಾ, ರೀಸ್ಟಾರ್ಟ್ ಮಾಡು. ಕಪ್ಪು ಪರದೆ ಬಂದಾಗ ಕೆಳಗಿನ ಬಾಣ ಒತ್ತಿ, ವಿಂಡೋಸ್ ಸಾಲಿನ ಮೇಲೆ ಎಂಟರ್ ಹೊಡಿ’ ಎಂದೆ. ಎರಡು ನಿಮಿಷದ ಮೌನ. ಆಮೇಲೆ, ‘ಬಂತು ಕಣ್ಲಾ...’

ಅವತ್ತು ಸಂಜೆ ಬೈಗುಳ ತಿಂದು, ಗ್ರಬ್ ಸೆಟ್ಟಿಂಗ್ ಬದಲಿಸಿ ವಿಂಡೋಸನ್ನೇ ಮೊದಲ ಆಯ್ಕೆ ಮಾಡಿದೆ. ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿತ್ತು. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಅದನ್ನೂ ಸರಿಪಡಿಸಿದೆ.

ಡಿಸ್ಕಿನಲ್ಲಿ ಜಾಗ ಹಂಚುವುದಕ್ಕೆ ಅರ್ಧ ದಿನ ತಯಾರಿ ಮಾಡಿದ್ದ ನಾನು, ಅದನ್ನು ಬಳಸುವವನಿಗೆ ಎರಡು ಮಾತು ಹೇಳಿರಲಿಲ್ಲ. ತಪ್ಪಾಗಿದ್ದು ಅಲ್ಲಿಯೇ.

ಈಗ ಅಣ್ಣ ರಾತ್ರಿ ಊಟ ಮುಗಿಸಿ, ವಿಂಡೋಸ್ ಮುಚ್ಚಿ ಲ್ಯಾಪ್‌ಟಾಪ್ ನನ್ನತ್ತ ತಳ್ಳುತ್ತಾನೆ. ‘ತಗಳಪ್ಪಾ, ಗೇಟ್ ಬಿತ್ತು. ಇನ್ ನಿನ್ ಪೆಂಗ್ವಿನ್ ಬುಟ್ಕೊ!’